ಮುಖವಿಲ್ಲದ ಚಿತ್ರದಲ್ಲಿ ಗಾಂಧೀಜಿ

ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲಿ ನೆಲೆಸಿರುವ ನಮಗೆ ಗಾಂಧೀಜಿಯವರ ಒಂದು ಬಗೆಯ ಚಿತ್ರ ಚಿರಪರಿಚಿತವಾದುದು. ಅದರಲ್ಲಿ ಅವರ ಮುಖವೇ ಇರುವುದಿಲ್ಲ. ಕನ್ನಡಕ, ಗಡಿಯಾರ, ಪಾದರಕ್ಷೆ, ಚರಕ, ಊರುಗೋಲು, ಇಷ್ಟೇ. ಇದರ ಅರ್ಥವೇನೆಂದು ಮಕ್ಕಳು ಕೇಳಿದರೆ ನಾವು "ಸರಳ ಜೀವನ" ಎಂದು ಹೇಳಿ ಮುಗಿಸಿಬಿಡುತ್ತೇವೆ. ಆ ಉತ್ತರ ಸಾಲದು.

17ನೆಯ ಶತಮಾನದ ಡಚ್ ಕಲಾವಿದರು ಇಂಥ ವಸ್ತುಚಿತ್ರಗಳಲ್ಲಿ ತಲೆಬುರುಡೆ, ಆರಿದ ದೀಪ, ಗಡಿಯಾರಗಳನ್ನು ಬರೆಯುತ್ತಿದ್ದರು. ಅಲ್ಲಿ ಗಡಿಯಾರವೆಂದರೆ ಕ್ಷಯಿಸುವ ಆಯುಷ್ಯ. ಗಾಂಧೀಜಿಯವರ ಸೊಂಟದ ಗಡಿಯಾರಕ್ಕೆ ಆ ಅರ್ಥ ಹೊಂದದು. ಪ್ರಾರ್ಥನೆಗೆ ಕಾದು ಕುಳಿತ ಜನರ ಹೊತ್ತನ್ನು ಹಾಳುಮಾಡುವ ಹಕ್ಕು ತಮಗಿಲ್ಲವೆಂಬ ಎಚ್ಚರವೇ ಅದರ ಅರ್ಥ.

ಪಾದರಕ್ಷೆಯನ್ನು ನೋಡೋಣ. ದಕ್ಷಿಣ ಆಫ್ರಿಕದ ಸೆರೆಮನೆಯಲ್ಲಿ ತಯಾರಿಸಿದ ಒಂದು ಜೊತೆಯನ್ನು ಗಾಂಧೀಜಿ ತಮ್ಮನ್ನು ಸೆರೆಗೆ ಕಳಿಸಿದ ಜನರಲ್ ಸ್ಮಟ್ಸರಿಗೇ ಉಡುಗೊರೆಯಾಗಿ ಕೊಟ್ಟರು! 1939ರಲ್ಲಿ ಗಾಂಧೀಜಿಯವರ 70ನೆಯ ಹುಟ್ಟುಹಬ್ಬದ ಸಂದರ್ಭದಲ್ಲಿ ಸ್ಮಟ್ಸರು ಅದನ್ನು ಗೌರವಪೂರ್ವಕವಾಗಿ ಹಿಂತಿರುಗಿಸಿದರು. ಎದುರಾಳಿಯೂ ಹಗೆಯಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ಚರಕ. ಅದನ್ನು ಹುಡುಕಿ ಕೊಟ್ಟವರು ಗಂಗಾಬೆನ್ ಮಜಮುದಾರ್ ಎಂಬ ಮಹಿಳೆ. ಆಗಿನ ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಚರಕಗಳು ಬೇಡವಾಗಿ ಅಟ್ಟ ಸೇರಿದ್ದವು. ಗಾಂಧೀಜಿಯವರೇ ಆತ್ಮಕಥೆಯಲ್ಲಿ ಈ ಸಂಗತಿಯನ್ನು ಹೇಳಿದ್ದಾರೆ.

ಕೊನೆಗೆ ಊರುಗೋಲು. 1930ರ ಮಾರ್ಚ್ 12ರಂದು ಸಾಬರಮತಿ ಆಶ್ರಮದಿಂದ 78 ಸಂಗಡಿಗರೊಡನೆ ಹೊರಟ ಗಾಂಧೀಜಿ ಅದನ್ನು ಹಿಡಿದೇ ಸೂರತ್ ದಾಟಿ ದಂಡಿಯನ್ನು ತಲುಪಿದರು. ಆ ಕೋಲನ್ನು ಕೊಟ್ಟವರು ಕಾಕಾ ಕಾಲೇಲ್ಕರರೆಂದೂ, ಅವರಿಗೆ ಅದು ಮಂಜೇಶ್ವರದ ಗೋವಿಂದ ಪೈಗಳಿಂದ ಬಂದಿತೆಂದೂ ಹೇಳುವುದುಂಟು. ಆ ತಂಡದಲ್ಲಿ ನಡೆದ ಕನ್ನಡಿಗನೆಂದರೆ ಹಾವೇರಿ ಕಡೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಆತನಿಗೆ 18 ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಆತ ಬ್ರಿಟಿಷ್ ಸರಕಾರದ ಪೊಲೀಸರ ಗುಂಡಿಗೆ ಬಲಿಯಾದ.

ಹೀಗೆ ನೋಡಿದರೆ ಆ ಚಿತ್ರದ ಒಂದೊಂದು ವಸ್ತುವಿನ ಹಿಂದೆಯೂ ಇನ್ನೊಬ್ಬರಿದ್ದಾರೆ. ಅವರನ್ನು ಮರೆತರೆ ಉಳಿಯುವುದು ಅಂಚೆಚೀಟಿಯ, ಕ್ಯಾಲೆಂಡರಿನ ಗುರುತು ಮಾತ್ರ. ಹೊಟ್ಟೆಪಾಡಿಗಾಗಿ ಗುಜರಾತಿಗೆ ಬಂದ ನಾವು ಈ ನಾಡಿಗೆ ಹೊರಗಿನವರೆಂದು ನಮ್ಮ ಮಕ್ಕಳು ಭಾವಿಸುವುದುಂಟು. ನಮಗಿಂತ ಎಷ್ಟೋ ಮೊದಲೇ ನಮ್ಮವನೊಬ್ಬ ಈ ದಾರಿಯಲ್ಲಿ ನಡೆದಿದ್ದಾನೆ. ಅಕ್ಟೋಬರ್ 2ಕ್ಕೆಂದು ಅವರು ಆ ಕೋಲಿನ ಚಿತ್ರವನ್ನು ಬರೆಯಲು ಕುಳಿತಾಗ ಮೋಟೆಬೆನ್ನೂರಿನ ಹುಡುಗನ ಹೆಸರನ್ನೂ ಹೇಳಿಕೊಡೋಣ.