ಮಂಗಳೂರು ಯಾಕಿಲ್ಲ? ಪೈಲಟ್‌ಗಳ 'ಹೋಮ್ ಬೇಸ್' ಹಿಂದಿನ ಕಥೆ

ಬೆಟ್ಟಂಪಾಡಿಯಿಂದ ಮಾತಾಡ್ತಿದ್ದೇನೆ. ಹಿಂದೆ ಮಳೆ ಸದ್ದು ಕೇಳಿಸಿದ್ರೆ ಸ್ವಲ್ಪ ಸುಧಾರಿಸ್ಕೊಳ್ಳಿ. ನಮ್ಮ ಸ್ಟುಡಿಯೋ ಅಂದ್ರೆ ಅಡಿಕೆ ಗೋಣಿ ಇಡುವ ಕೋಣೆ. ಗೋಣಿ ಇರುವ ಕಾರಣ ಮಾತು ಗುಂಯ್‌ಗುಡುದಿಲ್ಲ, ಅದೊಂದು ಲಾಭ.

ಇವತ್ತಿನ ಸಂಚಿಕೆ ಶುರುವಾದದ್ದು ನನ್ನ ದೊಡ್ಡಮ್ಮನ ಒಂದು ಪ್ರಶ್ನೆಯಿಂದ. ಅವರ ಮಗ, ಅಂದ್ರೆ ನನ್ನ ಅಣ್ಣ, ಪೈಲಟ್. ಟ್ರೈನಿಂಗ್ ಮುಗಿಸಿ ಒಂದು ಕಂಪನಿಗೆ ಕೋ-ಪೈಲಟ್ ಆಗಿ ಸೇರುವವನಿದ್ದ. ಕಂಪನಿಯಿಂದ ಒಂದು ಫಾರ್ಮ್ ಬಂತು: ನಿಮಗೆ ಯಾವ ಊರು ಬೇಸ್ ಆಗಿ ಬೇಕು, ಮೂರು ಹೆಸರು ಆರಿಸಿ. ಅಣ್ಣ ಜಗಲಿಯಲ್ಲಿ ಕೂತು ಮೊಬೈಲಲ್ಲೇ ತುಂಬಿಸ್ತಿದ್ದ. ಬೆಂಗಳೂರು, ಹೈದರಾಬಾದ್, ಚೆನ್ನೈ. ದೊಡ್ಡಮ್ಮ ಚಹಾ ತಂದವರು ಹಿಂದಿನಿಂದ ನೋಡಿ ಕೇಳಿದ್ರು: "ಮಂಗಳೂರು ಯಾಕಿಲ್ಲ ಮಗ?"

"ಲಿಸ್ಟಲ್ಲೇ ಇಲ್ಲಮ್ಮ" ಅಂದ ಅವನು.

"ಬಜ್ಪೆಗೆ ದಿನಾ ವಿಮಾನ ಬರ್ತದಲ್ಲ, ಮತ್ತೆ ಇಲ್ಲ ಅಂದ್ರೆ ಎಂತ?"

ಅಣ್ಣ ನಕ್ಕು ಸುಮ್ಮನಾದ. ನನಗೆ ನಗು ಬರ್ಲಿಲ್ಲ. ದೊಡ್ಡಪ್ಪ ತೀರಿಹೋದ ಮೇಲೆ ಆ ಮನೆಯಲ್ಲಿ ಅವರೊಬ್ರೇ. ತೋಟ ಉಂಟು, ಎರಡು ದನ ಉಂಟು, ಮೊಣಕಾಲು ನೋವು ಉಂಟು. ವಿಮಾನ ಬರುವ ಊರಿಗೆ ಪೈಲಟ್ ಮಗ ಯಾಕೆ ಬರಲಿಕ್ಕಾಗುದಿಲ್ಲ? ಉತ್ತರ ಹುಡುಕಿಕೊಂಡು ಹೋದವನಿಗೆ ತೊಂಬತ್ತು ವರ್ಷಕ್ಕೂ ಮೀರಿದ ಚರಿತ್ರೆ ಸಿಕ್ತು.

ಮೊದಲು 'ಹೋಮ್ ಬೇಸ್' ಅಂದ್ರೆ ಎಂತ ಅಂತ ನೋಡುವ. ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ನಿಯಮದಲ್ಲಿ ಈ ಪದಕ್ಕೆ ಅರ್ಥ ಕೊಟ್ಟಿದ್ದಾರೆ. ಸರಳವಾಗಿ ಹೇಳುದಾದ್ರೆ, ಕಂಪನಿ ನಿಮಗೆ ಗೊತ್ತು ಮಾಡಿದ ಜಾಗ. ಸಾಮಾನ್ಯವಾಗಿ ನಿಮ್ಮ ಡ್ಯೂಟಿ ಶುರುವಾಗುದು ಅಲ್ಲಿಂದ, ಮುಗಿಯುದು ಅಲ್ಲಿ, ಮತ್ತು ಅಲ್ಲಿ ನಿಮ್ಮ ವಾಸದ ವ್ಯವಸ್ಥೆ ಕಂಪನಿಯ ಜವಾಬ್ದಾರಿ ಅಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ಹೆಸರಲ್ಲಿ 'ಹೋಮ್' ಇದ್ರೂ ಮನೆ ನೀವೇ ಹುಡುಕ್ಕೊಳ್ಬೇಕು.

ಇದನ್ನು ದೊಡ್ಡಮ್ಮನಿಗೆ ಅರ್ಥ ಮಾಡಿಸಿದ್ದು ಬಸ್ಸಿನ ಉದಾಹರಣೆ. ನಮ್ಮ ಹಳ್ಳಿ ಕಡೆ ನೈಟ್ ಹಾಲ್ಟ್ ಬಸ್ಸು ಎಲ್ಲರಿಗೂ ಗೊತ್ತು. ರಾತ್ರಿ ಕೊನೇ ಟ್ರಿಪ್ಪಿಗೆ ಬರ್ತದೆ, ಡ್ರೈವರ್, ಕಂಡಕ್ಟರ್ ಅಲ್ಲೇ ಮಲಗ್ತಾರೆ, ಬೆಳಗ್ಗೆ ಶಾಲೆ ಮಕ್ಕಳನ್ನು, ಹಾಲು ತರಕಾರಿಯನ್ನು ಹೇರಿಕೊಂಡು ಹೊರಡ್ತದೆ. ಹಾಗಂತ ಆ ಡ್ರೈವರಿನ ಊರು ಇದಲ್ಲ. ಅವನ ಡಿಪೋ ಪುತ್ತೂರಲ್ಲಿ. ವಿಮಾನವೂ ಹಾಗೆಯೇ. ಎಷ್ಟೋ ಕಂಪನಿಗಳಿಗೆ ಸಣ್ಣ ಊರು ನೈಟ್ ಹಾಲ್ಟ್, ಬೆಂಗಳೂರು ಡಿಪೋ.

ಈ ಕಥೆ ಶುರುವಾಗುದು 1932ರ ಅಕ್ಟೋಬರ್ 15ರಂದು. ಅವತ್ತು ಜೆ.ಆರ್.ಡಿ. ಟಾಟಾ ಅಂಚೆ ಚೀಲ ಇಟ್ಟುಕೊಂಡು ಕರಾಚಿಯಿಂದ ಅಹಮದಾಬಾದ್ ಮೇಲಾಗಿ ಬೊಂಬಾಯಿಯ ಜುಹುವಿಗೆ ಒಂದು ಪುಟ್ಟ ಪುಸ್ ಮಾತ್ ವಿಮಾನ ಹಾರಿಸಿಕೊಂಡು ಬಂದ್ರು. ಅಲ್ಲಿಂದ ಮುಂದೆ ಮದ್ರಾಸಿಗೆ ಅಂಚೆ ಒಯ್ದದ್ದು ಅವರ ಜತೆಗಾರ ನೆವಿಲ್ ವಿನ್ಸೆಂಟ್. ಕತ್ತಲಲ್ಲಿ ಹಾರುವ ವ್ಯವಸ್ಥೆ ಆಗ ಇರ್ಲಿಲ್ಲ. ಹಾಗಾಗಿ ರಾತ್ರಿ ಎಲ್ಲಿ ಉಳಿದ್ರು ಗೊತ್ತುಂಟಾ? ನಮ್ಮ ಬಳ್ಳಾರಿಯಲ್ಲಿ! ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಈಗಿನ ಕರ್ನಾಟಕದ ನೆಲದಲ್ಲಿ ವಿಮಾನದ ನೈಟ್ ಹಾಲ್ಟ್ ಕಥೆಯನ್ನು ನಾನು ಅಲ್ಲಿಂದಲೇ ಶುರು ಮಾಡ್ತೇನೆ.

ಜುಹುವಿನದ್ದು ಇನ್ನೂ ತಮಾಷೆ. ಅಲ್ಲಿ ಟಾಟಾದವರ 'ಬೇಸ್' ಅಂದ್ರೆ ಕಡಲ ಬದಿಯ ಮಣ್ಣಿನ ಮೈದಾನ, ಗರಿ ಹೊದೆಸಿದ ಒಂದು ಶೆಡ್. ಮಳೆಗಾಲದಲ್ಲಿ ಮೈದಾನ ನೀರಲ್ಲಿ ಮುಳುಗ್ತಿತ್ತು. ಆವಾಗ ವಿಮಾನ, ಪೈಲಟ್, ಮೆಕ್ಯಾನಿಕ್ ಎಲ್ಲ ಗಂಟುಮೂಟೆ ಕಟ್ಟಿ ಪುಣೆಗೆ, ಯೆರವಡಾ ಜೈಲಿನ ಹತ್ತಿರದ ಮೈದಾನಕ್ಕೆ. ಪೈಲಟ್‌ಗೆ ಯಾವ ಊರು ಇಷ್ಟ ಅಂತ ಯಾರೂ ಕೇಳ್ಲಿಲ್ಲ. ನೆಲ ಒಣಗಿದ್ದ ಊರು ಬೇಸ್, ಅಷ್ಟೇ. ವಿಮಾನ ಎಲ್ಲಿ ಮಲಗ್ತದೋ ಪೈಲಟ್ ಅಲ್ಲಿ. ಆ ಸೂತ್ರ ಇವತ್ತಿಗೂ ಬದಲಾಗಿಲ್ಲ.

1953ರಲ್ಲಿ ಸರ್ಕಾರ ವಿಮಾನ ಕಂಪನಿಗಳನ್ನು ರಾಷ್ಟ್ರೀಕರಣ ಮಾಡಿತು. ಒಳನಾಡಿನ ಹಾರಾಟಕ್ಕೆ ಇಂಡಿಯನ್ ಏರ್‌ಲೈನ್ಸ್ ಬಂತು. ಅದರ ವ್ಯವಹಾರ ದೆಹಲಿ, ಬೊಂಬಾಯಿ, ಕಲ್ಕತ್ತಾ, ಮದ್ರಾಸ್ ಅಂತ ನಾಲ್ಕು ವಲಯಗಳಲ್ಲಿ ನಡೀತಿತ್ತು. ದಕ್ಷಿಣಕ್ಕೆ ಮದ್ರಾಸೇ ಯಜಮಾನ. ಬೆಂಗಳೂರಿನಲ್ಲಿ 1940ರಿಂದಲೇ ವಿಮಾನ ಕಾರ್ಖಾನೆ ಇತ್ತು, ಈಗಿನ ಎಚ್‌ಎಎಲ್. ಬಜ್ಪೆಗೆ 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ನಿಲ್ದಾಣ ಉದ್ಘಾಟನೆ ಮಾಡಿದ್ರು. ರನ್‌ವೇ ಇತ್ತು, ಕಾರ್ಖಾನೆ ಇತ್ತು, ಆದ್ರೆ ವಲಯದ ಯಜಮಾನಿಕೆ ಇರ್ಲಿಲ್ಲ. ನಿಲ್ದಾಣ ಇರುದು ಬೇರೆ, ಬೇಸ್ ಇರುದು ಬೇರೆ. ದೊಡ್ಡಮ್ಮನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಉಂಟು.

ಬೆಂಗಳೂರಿನ ಅದೃಷ್ಟ ತಿರುಗಿದ್ದು 2003ರಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಬೆಂಗಳೂರನ್ನೇ ಮನೆ ಮಾಡಿಕೊಂಡು ಏರ್ ಡೆಕ್ಕನ್ ಶುರು ಮಾಡಿದ್ರು. 2005ರಲ್ಲಿ ಕಿಂಗ್‌ಫಿಷರ್ ಬಂತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಹೊಸ ನಿಲ್ದಾಣ ತೆರೆಯಿತು. 2014ರಲ್ಲಿ ಏರ್‌ಏಷ್ಯಾ ಇಂಡಿಯಾ, 2019ರಲ್ಲಿ ಸ್ಟಾರ್ ಏರ್, ಎರಡೂ ಹಾರಾಟ ಶುರು ಮಾಡಿದ್ದು ಬೆಂಗಳೂರಿಂದಲೇ. ಡಿಪೋ ಈಗ ನಮ್ಮ ರಾಜ್ಯದಲ್ಲೇ ಆಯ್ತು.

ಆದ್ರೆ ಇದಕ್ಕೂ ಒಂದು ಕಹಿ ಉಂಟು. ಕಿಂಗ್‌ಫಿಷರ್ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರ್ಲಿಲ್ಲ, 2012ರ ಅಕ್ಟೋಬರಲ್ಲಿ ಹಾರಾಟವೇ ನಿಂತುಹೋಯ್ತು. ಕಂಪನಿಯ ಬೇಸ್ ನಂಬಿ ಸಾಲ ಮಾಡಿ ಮನೆ ಕೊಂಡವನ ಸ್ಥಿತಿ ಯೋಚನೆ ಮಾಡಿ. ಕಂಪನಿ ಮುಚ್ಚಿದ್ರೂ ಇಎಂಐ ನಿಲ್ಲುದಿಲ್ಲ. ಬಿ.ಕಾಂ. ಓದಿದವನಾಗಿ ನಾನು ಹೇಳುದು ಇಷ್ಟು: ಬೇಸ್ ಆರಿಸುವಾಗ ಒಂದೇ ಕಂಪನಿಯ ಊರು ನೋಡ್ಬೇಡಿ, ನಾಲ್ಕು ಕಂಪನಿ ಇರುವ ಊರು ನೋಡಿ. ಅಣ್ಣ ಮೊದಲು ಬೆಂಗಳೂರು ಬರೆದದ್ದು ಇದೇ ಲೆಕ್ಕದಲ್ಲಿ.

ಸರಿ, ಹಾಗಾದ್ರೆ ಮಂಗಳೂರನ್ನೇ ಡಿಪೋ ಮಾಡ್ಲಿಕ್ಕೆ ಎಂತ ಕಷ್ಟ? ಇದು ಶುದ್ಧ ಕಾಮರ್ಸ್. ಒಂದು ಊರಲ್ಲಿ ರಾತ್ರಿ ಒಂದೇ ವಿಮಾನ ನಿಲ್ಲುದಾದ್ರೆ ಆ ಪೈಲಟ್‌ಗಳಿಗೆ ಹೋಟೆಲ್ ರೂಮ್ ಹಾಕಿದ್ರೆ ಮುಗೀತು. ಅಲ್ಲಿ ಬೇಸ್ ಮಾಡಿದ್ರೆ ಆಫೀಸು ಬೇಕು, ಮ್ಯಾನೇಜರ್ ಬೇಕು. ಅದಕ್ಕಿಂತ ದೊಡ್ಡದು ಸ್ಟ್ಯಾಂಡ್‌ಬೈ. ಒಬ್ಬನಿಗೆ ಬೆಳಗ್ಗೆ ನಾಲ್ಕಕ್ಕೆ ಜ್ವರ ಬಂದ್ರೆ ಬದಲಿಗೆ ಇನ್ನೊಬ್ಬ ಅಲ್ಲೇ ತಯಾರಿರ್ಬೇಕು, ಕ್ಯಾಪ್ಟನ್‌ಗೆ ಕ್ಯಾಪ್ಟನ್, ಕೋ-ಪೈಲಟ್‌ಗೆ ಕೋ-ಪೈಲಟ್. ನೂರಾರು ಪೈಲಟ್ ಇರುವ ಬೆಂಗಳೂರಲ್ಲಿ ಕೆಲವೇ ಜನ ಸ್ಟ್ಯಾಂಡ್‌ಬೈ ಇದ್ರೆ ಎಲ್ಲರಿಗೂ ಸಾಕು. ಹತ್ತೇ ಜನ ಇರುವ ಊರಲ್ಲಿ ಆ ಹತ್ತು ಜನಕ್ಕಾಗಿಯೇ ಒಂದೆರಡು ಜನ ಕೂತಿರ್ಬೇಕು. ಖರ್ಚು ಹೊಂದುದಿಲ್ಲ. ಪ್ರಯಾಣಿಕರು ಹೆಚ್ಚಿ, ರಾತ್ರಿ ನಿಲ್ಲುವ ವಿಮಾನ ಹೆಚ್ಚಿದ್ರೆ ಮಾತ್ರ ಹೋಟೆಲ್ ಬಿಲ್ಲಿಗಿಂತ ಬೇಸ್ ಅಗ್ಗ ಆಗ್ತದೆ.

ಇಲ್ಲಿವರೆಗೆ ದುಡ್ಡಿನ ಮಾತು. ಈಗ ನಿದ್ದೆಯ ಮಾತು.

2009ರ ಫೆಬ್ರವರಿ 12, ಅಮೆರಿಕದ ಬಫಲೋ. ಕೋಲ್ಗನ್ ಏರ್ ಕಂಪನಿಯ ವಿಮಾನ ಇಳಿಯುವ ಮೊದಲೇ ಒಂದು ಮನೆ ಮೇಲೆ ಬಿದ್ದು 50 ಜನ ಸತ್ತರು. ಇಬ್ಬರು ಪೈಲಟ್‌ಗಳ ಬೇಸ್ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್. ಆದ್ರೆ ಕ್ಯಾಪ್ಟನ್ ಮನೆ ಫ್ಲೋರಿಡಾದಲ್ಲಿ, ಕೋ-ಪೈಲಟ್ ಮನೆ ದೇಶದ ಇನ್ನೊಂದು ತುದಿಯ ಸಿಯಾಟಲ್ ಹತ್ತಿರ. ಆಕೆ ಹಿಂದಿನ ರಾತ್ರಿಯಿಡೀ ಬೇರೆ ವಿಮಾನಗಳಲ್ಲಿ ಕೂತು ಬೇಸ್‌ಗೆ ಬಂದಿದ್ದಳು. ಸಂಬಳ ಕಡಿಮೆ, ಬೇಸ್‌ನ ಊರು ದುಬಾರಿ. ವಿಮಾನದ ವೇಗ ಕುಸಿದಾಗ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದ್ದೇ ಮುಖ್ಯ ಕಾರಣ ಅಂತ ತನಿಖೆ ಹೇಳಿತು. ಆದ್ರೆ ಇಬ್ಬರಿಗೂ ಸರಿಯಾದ ನಿದ್ದೆ ಇರ್ಲಿಲ್ಲ ಎಂಬುದೂ ವರದಿಯಲ್ಲಿ ಉಂಟು. ಬೇಸ್ ಮತ್ತು ಮನೆ ನಡುವಿನ ದೂರದ ಬಗ್ಗೆ ಅಮೆರಿಕ ಗಂಭೀರವಾಗಿ ಮಾತಾಡಿದ್ದು ಆ ನಂತರ.

ಅದಾಗಿ ಹದಿನೈದು ತಿಂಗಳಿಗೆ, 2010ರ ಮೇ 22. ಈ ದಿನಾಂಕವನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳುದು ಬೇಡ. ನಾನಾಗ ಶಾಲೆ ಹುಡುಗ. ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದದ್ದು 166 ಜನ, ಉಳಿದದ್ದು 8. ಅದೇ ಪೈಲಟ್‌ಗಳು ಹಿಂದಿನ ರಾತ್ರಿ ಮಂಗಳೂರಿಂದ ಹೊರಟು, ದುಬೈಗೆ ಹೋಗಿ, ಅಲ್ಲಿಂದ ಹಾಗೇ ತಿರುಗಿ ಬಂದವರು. ಕಾಕ್‌ಪಿಟ್ ಧ್ವನಿಮುದ್ರಣ ಇದ್ದದ್ದು ಸುಮಾರು 2 ಗಂಟೆಯದ್ದು. ಅದರ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ರು ಅಂತ ತನಿಖಾ ವರದಿ ಹೇಳ್ತದೆ. ಕೋ-ಪೈಲಟ್ ಇಳಿಸ್ಬೇಡಿ, ಮೇಲೆ ಹೋಗುವ ಅಂತ ಮೂರು ಸಲ ಎಚ್ಚರಿಸಿದ್ರೂ ಕ್ಯಾಪ್ಟನ್ ಇಳಿಸಿದ್ದು ನೇರ ಕಾರಣ. ನಿದ್ದೆಯಿಂದ ಎದ್ದ ಮಂಪರು, ದೇಹ ನಿದ್ದೆ ಬೇಡುವ ನಸುಕಿನ ಹೊತ್ತು, ಇವು ಜತೆ ಸೇರಿದ ಕಾರಣಗಳು.

ಬೇಸ್‌ನಿಂದ ಅಪಘಾತ ಆಯ್ತು ಅಂತ ನಾನು ಹೇಳ್ತಿಲ್ಲ. ಹೇಳುದು ಇಷ್ಟೇ: ಪೈಲಟ್ ಎಲ್ಲಿ, ಎಷ್ಟು ಹೊತ್ತು ಮಲಗ್ತಾನೆ ಎಂಬುದು ಅವನ ಮನೆಯ ವಿಷಯ ಮಾತ್ರ ಅಲ್ಲ, ಹಿಂದೆ ಸೀಟಲ್ಲಿ ಕೂತ ನಮ್ಮೆಲ್ಲರ ವಿಷಯ.

2011ರಲ್ಲಿ ಡಿಜಿಸಿಎ ಡ್ಯೂಟಿ ಮತ್ತು ವಿಶ್ರಾಂತಿಯ ಹೊಸ ನಿಯಮ ತಂತು. ಮತ್ತೆ ಬಿಗಿ ಮಾಡಿದ್ದು 2025ರಲ್ಲಿ. ವಾರದ ವಿಶ್ರಾಂತಿ 36 ಗಂಟೆ ಇದ್ದದ್ದು 48 ಆಯ್ತು, ರಾತ್ರಿ ಇಳಿಸುವ ಲೆಕ್ಕಕ್ಕೂ ಕಡಿವಾಣ ಬಿತ್ತು. ಆ ವರ್ಷ ಡಿಸೆಂಬರಲ್ಲಿ ಇಂಡಿಗೋದ ಸಾವಿರಾರು ವಿಮಾನ ರದ್ದಾಗಿ ಜನ ನಿಲ್ದಾಣದಲ್ಲಿ ನೆಲದ ಮೇಲೆ ಮಲಗಿದ್ದು ನಿಮಗೆ ನೆನಪಿರ್ಬಹುದು. ಹೊಸ ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳನ್ನು ಹೊಂದಿಸಿಕೊಳ್ಳದ್ದು ಅದಕ್ಕೆ ಮುಖ್ಯ ಕಾರಣ. ಆಗ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿಯನ್ನೂ ಕೊಟ್ರು.

ಈಗ ಜಗಲಿಗೆ ವಾಪಸ್ ಬರುವ. ಅಣ್ಣನಿಗೆ ಬೆಂಗಳೂರು ಸಿಕ್ಕಿತು. ವಾರಕ್ಕೆ 48 ಗಂಟೆ ರಜೆ ಅಂತ ದೊಡ್ಡಮ್ಮನಿಗೆ ಖುಷಿ: "ಹಾಗಾದ್ರೆ ವಾರ ವಾರ ಬರ್ಬಹುದಲ್ಲ!" ನಾನೂ ಹೌದು ಅಂದೆ. ಅಣ್ಣ ಪೆನ್ನು ಹಿಡಿದು ಲೆಕ್ಕ ತೋರಿಸಿದ. ಬೆಂಗಳೂರಿಂದ ಪುತ್ತೂರಿಗೆ ರಾತ್ರಿ ಬಸ್ಸು ಏಳೆಂಟು ಗಂಟೆ. ಹೋಗಿ ಬರ್ಲಿಕ್ಕೆ 16. ದೇವನಹಳ್ಳಿಯಿಂದ ಮೆಜೆಸ್ಟಿಕ್‌ವರೆಗಿನದ್ದು ಬೇರೆ. ಶಿರಾಡಿಯಲ್ಲಿ ಗುಡ್ಡ ಜರಿದ್ರೆ ಅದು ಇನ್ನೂ ಬೇರೆ. 48ರಲ್ಲಿ ಉಳಿಯುದು 30ರ ಆಸುಪಾಸು, ಅದರಲ್ಲೂ ಎರಡು ರಾತ್ರಿಯ ನಿದ್ದೆ ಬಸ್ಸಲ್ಲಿ. ಈ ಪ್ರಯಾಣ ಡ್ಯೂಟಿ ಲೆಕ್ಕಕ್ಕೆ ಬರುದಿಲ್ಲ. ಕಂಪನಿಯ ಕಂಪ್ಯೂಟರಲ್ಲಿ ಅವನು ಆ ಹೊತ್ತಿಗೆ ವಿಶ್ರಾಂತಿಯಲ್ಲಿದ್ದಾನೆ.

"ಅಮ್ಮನ್ನ ನೋಡ್ಲಿಕ್ಕೆ ಬಂದು, ಬಸ್ಸಲ್ಲಿ ಕೂತು ಹೋಗಿ, ಬೆಳಗ್ಗೆ ನೂರ ಎಂಬತ್ತು ಜನರನ್ನು ಹಾರಿಸುದು ನನ್ನಿಂದ ಆಗುದಿಲ್ಲ" ಅಂದ ಅವನು. "ಆಗ್ತದೆ ಅಂತ ಹೇಳಿದ್ರೆ ನೀನು ನನ್ನ ವಿಮಾನ ಹತ್ತಬೇಡ."

ಕೊನೆಗೆ ಅವನು ನಿಲ್ದಾಣಕ್ಕೆ ಹತ್ತಿರ ಸಣ್ಣ ಮನೆ ಬಾಡಿಗೆಗೆ ಹಿಡಿದ. ಮೂರು ದಿನ ಒಟ್ಟಿಗೆ ಬಿಡುವು ಸಿಕ್ಕಿದ್ರೆ ಮಾತ್ರ ಊರಿಗೆ. ತೋಟ ನೋಡ್ಲಿಕ್ಕೆ ಪಕ್ಕದ ಮನೆಯವರಿಗೆ ಹೇಳಿದ್ದಾನೆ. ದೊಡ್ಡಮ್ಮ ಬೆಂಗಳೂರಿಗೆ ಬರ್ಲಿಕ್ಕೆ ಒಪ್ಪುದಿಲ್ಲ, ದನ ಯಾರು ನೋಡುದು ಅಂತಾರೆ. ಇದು ಒಳ್ಳೆ ತೀರ್ಮಾನವಾ ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ. ಸುರಕ್ಷಿತ ತೀರ್ಮಾನ ಅಂತ ಮಾತ್ರ ಹೇಳಬಲ್ಲೆ. ಆ ಸುರಕ್ಷತೆಯ ಬೆಲೆ ಕೊಡ್ತಿರುದು ಬೆಟ್ಟಂಪಾಡಿಯ ಒಬ್ಬರು ಅಮ್ಮ.

ಮೊನ್ನೆ ಅಣ್ಣ ಮೆಸೇಜ್ ಮಾಡಿದ್ದ. ಅವನಿಗೆ ಮಂಗಳೂರಿಗೆ ಡ್ಯೂಟಿ ಬಿದ್ದಿತ್ತು, ರಾತ್ರಿ ಅಲ್ಲೇ ಹೋಟೆಲಲ್ಲಿ ಉಳಿದು ನಸುಕಿಗೆ ವಾಪಸ್. ಮನೆಗೆ ಎರಡು ಗಂಟೆ ದಾರಿ. ಬರ್ಲಿಲ್ಲ. ವಿಡಿಯೋ ಕಾಲ್ ಮಾಡಿ ಒಂಬತ್ತಕ್ಕೆ ಮಲಗಿದ. ದೊಡ್ಡಮ್ಮ ನನಗೆ ಹೇಳಿದ್ರು: "ನೈಟ್ ಹಾಲ್ಟ್ ಅಲ್ವಾ, ಪಾಪ, ಮಲಗ್ಲಿ."

ಮುಂದಿನ ಸಲ ಬಜ್ಪೆಯಿಂದ ಬೆಳಗ್ಗಿನ ವಿಮಾನ ಹತ್ತುವಾಗ ಈ ಮಾತು ನೆನಪಾದ್ರೆ ಸಾಕು. ನಿಮ್ಮ ಮನೆಯಲ್ಲೂ ಪೈಲಟ್, ಬಸ್ ಡ್ರೈವರ್, ರೈಲಿನ ಗಾರ್ಡ್ ಯಾರಾದ್ರೂ ಇದ್ರೆ, ಅವರ ಊರು ಯಾವುದು, ಬೇಸ್ ಯಾವುದು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳುವ. ಅಲ್ಲಿವರೆಗೆ, ಸರಿಯಾಗಿ ನಿದ್ದೆ ಮಾಡಿ ಮಾರಾಯ್ರೆ. ನಮಸ್ಕಾರ.