ಚಿತ್ರಪಟದಲ್ಲಿ ಕಿತ್ತೂರ ರಾಣಿ ಚೆನ್ನಮ್ಮನವರು

ವೀರರ ಚರಿತ್ರವು ಜನಾಂಗಕ್ಕೆ ಪಿತ್ರಾರ್ಜಿತವಾದ ಧನವು. ಆ ಧನವನ್ನು ಹಿಂದೆ ಪುರಾಣಿಕರೂ ಲಾವಣಿಕಾರರೂ ಕಾಯ್ದುಕೊಂಡು ಬಂದರು. ಅರುವತ್ತು ವರ್ಷಗಳಿಗೂ ಮಿಕ್ಕಿದ ಕಾಲದಿಂದ ಆ ಕಾರ್ಯವನ್ನು ಬಹುಮಟ್ಟಿಗೆ ಚಿತ್ರಪಟವು ವಹಿಸಿಕೊಂಡಿರುವುದು. ಕಿತ್ತೂರಿನ ರಾಣಿ ಚೆನ್ನಮ್ಮನವರ ಹೆಸರನ್ನೆತ್ತಿದೊಡನೆ ನಮ್ಮ ಭಕ್ತಾದಿಗಳ ಕಣ್ಣೆದುರು ನಿಲ್ಲುವ ಮೂರ್ತಿಯು ಬೆಳ್ಳಿತೆರೆಯಿಂದ ಇಳಿದು ಬಂದುದಾಗಿದೆ. ಆ ಮೂರ್ತಿಗೂ ಇತಿಹಾಸದ ರಾಣಿಗೂ ಇರುವ ಸಾಮ್ಯವೆಷ್ಟು, ಭೇದವೆಷ್ಟು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶವು.

1961ರಲ್ಲಿ ಶ್ರೀ ಬಿ. ಆರ್. ಪಂತುಲು ಅವರು ತಮ್ಮ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮುಖಾಂತರ 'ಕಿತ್ತೂರು ಚೆನ್ನಮ್ಮ' ಎಂಬ ಚಿತ್ರಪಟವನ್ನು ನಿರ್ಮಿಸಿ ನಿರ್ದೇಶಿಸಿದರು. ಶ್ರೀಮತಿ ಬಿ. ಸರೋಜಾದೇವಿಯವರು ಚೆನ್ನಮ್ಮನವರ ಪಾತ್ರವನ್ನೂ, ಶ್ರೀ ರಾಜಕುಮಾರರು ಮಲ್ಲಸರ್ಜ ದೇಸಾಯಿಯವರ ಪಾತ್ರವನ್ನೂ, ಶ್ರೀಮತಿ ಎಂ. ವಿ. ರಾಜಮ್ಮನವರು ಹಿರಿಯ ರಾಣಿ ರುದ್ರಮ್ಮನವರ ಪಾತ್ರವನ್ನೂ ಧರಿಸಿದರು. ಅಕ್ಕಮಹಾದೇವಿಯವರ ವಚನವೊಂದನ್ನು ಟಿ. ಜಿ. ಲಿಂಗಪ್ಪನವರ ಸಂಗೀತದಲ್ಲಿ ಅಳವಡಿಸಿದುದು ಈ ಚಿತ್ರಪಟದ ವಿಶೇಷವು. ಶಿವಶರಣೆಯ ವಾಣಿಯನ್ನು ವೀರರಾಣಿಯ ಕಥೆಯೊಡನೆ ಕೂಡಿಸಿದ ಆ ಔಚಿತ್ಯವನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಆದರೆ ಈ ಚಿತ್ರಪಟದಿಂದ ಜನರ ನಾಲಗೆಯ ಮೇಲೆ ಉಳಿದದ್ದು ಇನ್ನೊಂದು. ಕುಂಪಣಿ ಸರಕಾರದವರಿಗೆ ಕಪ್ಪವನ್ನೇಕೆ ಕೊಡಬೇಕು ಎಂದು ರಾಣಿಯವರು ಗರ್ಜಿಸುವ ಆ ಭಾಷಣವನ್ನು ಶಾಲೆಯ ಮಕ್ಕಳು ಇಂದಿಗೂ ಕಂಠಪಾಠ ಮಾಡಿ ಸಭೆಗಳಲ್ಲಿ ಒಪ್ಪಿಸುತ್ತಾರೆ. ಇದಕ್ಕೆ ಎರಡು ವರ್ಷ ಹಿಂದೆ, 1959ರಲ್ಲಿ, ಇದೇ ಪಂತುಲು ಅವರು ತಮಿಳಿನಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಎಂಬ ಚಿತ್ರಪಟವನ್ನು ತೆಗೆದಿದ್ದರು. ಅದರಲ್ಲಿ ಶಿವಾಜಿ ಗಣೇಶನ್ ಅವರು ಇಂಗ್ಲಿಷ್ ಅಧಿಕಾರಿಯ ಎದುರು ಇಂಥದೇ ಕಪ್ಪದ ಭಾಷಣವನ್ನು ಮಾಡಿ ಖ್ಯಾತಿಗೊಂಡರು. ಪಾಂಚಾಲಂಕುರಿಚಿಯ ಪಾಳೆಯಗಾರನಿಗೂ ಕುಂಪಣಿಗೂ ಕಪ್ಪದ ಬಾಕಿಯ ಮೇಲೆಯೇ ಕಲಹ ಹುಟ್ಟಿದ್ದಿತಾದ್ದರಿಂದ ಆ ಮಾತು ಅಲ್ಲಿ ಯಥಾರ್ಥವು. ಕಿತ್ತೂರಿನ ಸಂಗತಿಯಾದರೋ ಬೇರೆಯಾಗಿದ್ದಿತು.

ಮಲ್ಲಸರ್ಜ ದೇಸಾಯಿಯವರು ಪುಣೆಯ ಪೇಶವೆಯ ಸೆರೆಯಲ್ಲಿ ಬಳಲಿ 1816ರಲ್ಲಿ ಲಿಂಗೈಕ್ಯರಾದರು. ಅವರ ತರುವಾಯ ರುದ್ರಮ್ಮನವರ ಮಗನಾದ ಶಿವಲಿಂಗರುದ್ರಸರ್ಜನು ಗಾದಿಗೆ ಬಂದನು. 1818ರಲ್ಲಿ ಪೇಶವೆಯ ರಾಜ್ಯವು ಕುಂಪಣಿಯ ಕೈಸೇರಿದಾಗ ಕಿತ್ತೂರು ಕುಂಪಣಿಯೊಡನೆ ಒಪ್ಪಂದ ಮಾಡಿಕೊಂಡು, ಗೊತ್ತುಪಡಿಸಿದ ಕಪ್ಪವನ್ನು ಕೊಡುತ್ತಲೂ ಇದ್ದಿತು. ಅನಾರೋಗ್ಯಪೀಡಿತನಾದ ಶಿವಲಿಂಗರುದ್ರಸರ್ಜನು ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡು 1824ರ ಸೆಪ್ಟೆಂಬರದಲ್ಲಿ ತೀರಿಕೊಂಡನು. ಧಾರವಾಡದ ಕಲೆಕ್ಟರನಾದ ಸೇಂಟ್ ಜಾನ್ ಥ್ಯಾಕರೆಯು ಆ ದತ್ತಕದ ವಿಷಯದಲ್ಲಿ ಸಂಶಯವನ್ನೆತ್ತಿ, ಸಂಸ್ಥಾನದ ಭಂಡಾರಕ್ಕೆ ಮುದ್ರೆ ಹಾಕಿಸಿ ತನ್ನ ಕಾವಲನ್ನಿರಿಸಿದನು. ರಾಣಿಯವರು ಮೊದಲು ಹಿಡಿದದ್ದು ಲೇಖನಿಯನ್ನು. ಪುಣೆಯ ಕಮಿಶನರ ಚಾಪ್ಲಿನನಿಗೂ ಮುಂಬಯಿಯ ಗವರ್ನರ ಎಲ್ಫಿನ್‌ಸ್ಟನ್ನನಿಗೂ ಮನವಿಗಳು ಹೋದವು. ನ್ಯಾಯದ ಬಾಗಿಲುಗಳು ತೆರೆಯಲಿಲ್ಲ. 1824ರ ಅಕ್ಟೋಬರ 23ರಂದು ಕೋಟೆಯ ಬಾಗಿಲು ತೆರೆಯಿತು. ಹೊರಗೆ ನುಗ್ಗಿದ ಕಿತ್ತೂರಿನ ಸೈನ್ಯಕ್ಕೆ ಥ್ಯಾಕರೆಯು ಬಲಿಯಾದನು.

ಹೀಗೆ ರಾಣಿಯವರ ಹೋರಾಟದ ಮೂಲವು ದತ್ತಕದ ಹಕ್ಕಿನಲ್ಲಿದೆ. ಲಾರ್ಡ್ ಡಾಲ್‌ಹೌಸಿಯು ದತ್ತಕವನ್ನಲ್ಲಗಳೆದು ಸಂಸ್ಥಾನಗಳನ್ನು ನುಂಗಿದ್ದು 1848ರ ತರುವಾಯ. ಝಾಂಸಿಯ ಲಕ್ಷ್ಮೀಬಾಯಿಯವರು ಖಡ್ಗವೆತ್ತಿದ್ದು 1857ರಲ್ಲಿ. ಅದೇ ಅನ್ಯಾಯವನ್ನು ಕಿತ್ತೂರು ಅವರಿಗಿಂತ 33 ವರ್ಷ ಮೊದಲೇ ಎದುರಿಸಿದ್ದಿತು. ಚಿತ್ರಪಟದವರು ಕಪ್ಪವನ್ನು ಏಕೆ ಮುಂದೆ ಮಾಡಿದರೆಂಬುದನ್ನು ಊಹಿಸುವುದು ಕಠಿಣವಲ್ಲ. ಕಂದಾಯದ ಭಾರವು ಪ್ರತಿಯೊಬ್ಬ ಒಕ್ಕಲಿಗನಿಗೂ ತಿಳಿದ ದುಃಖವು. ದತ್ತಕಪತ್ರದ ವ್ಯಾಜ್ಯವು ಕಚೇರಿಯ ಮಾತು. ಆದರೆ ಈ ಬದಲಾವಣೆಯಿಂದ ರಾಣಿಯವರ ಧೈರ್ಯವು ತೆರೆಯ ಮೇಲೆ ಮೆರೆಯಿತು, ಅವರ ತಾಳ್ಮೆಯೂ ರಾಜನೀತಿಯೂ ಮರೆಗೆ ಸರಿದವು.

ವಯಸ್ಸಿನ ವಿಷಯವೂ ವಿಚಾರಾರ್ಹವಾಗಿದೆ. ಚಿತ್ರಪಟವು ಹೊರಬಂದಾಗ ಸರೋಜಾದೇವಿಯವರಿಗೆ 23 ವರ್ಷ. 1778ರಲ್ಲಿ ಕಾಕತಿಯಲ್ಲಿ ಜನಿಸಿದ ಚೆನ್ನಮ್ಮನವರಿಗೆ ಯುದ್ಧಕಾಲದಲ್ಲಿ 46ರ ಸುಮಾರು. ಪತಿಯನ್ನು ಕಳೆದುಕೊಂಡು ಎಂಟು ವರ್ಷಗಳಾಗಿದ್ದವು. 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರಪಟದಲ್ಲಿ ಜಯಪ್ರದಾ ಅವರು ಈ ಪಾತ್ರ ವಹಿಸಿದಾಗ ಅವರಿಗೆ 50 ವರ್ಷ. ವಯಸ್ಸಿನ ಮಟ್ಟಿಗಾದರೂ ಇದು ಇತಿಹಾಸಕ್ಕೆ ಸಮೀಪವಾದ ಆಯ್ಕೆಯು. ಸಂಸಾರದ ಶೋಕವನ್ನುಂಡು ಮಾಗಿದ ತಾಯಿಯೊಬ್ಬಳು ಸಂಸ್ಥಾನದ ಭಾರವನ್ನು ಹೊತ್ತಳೆಂಬುದೇ ಈ ಚರಿತ್ರದ ಹಿರಿಮೆಯಷ್ಟೆ.

ತೆರೆಗೆ ಒಪ್ಪುವ ಇನ್ನೊಂದು ಸಂಗತಿಯುಂಟು. ಅಂದಿನ ಯುದ್ಧದಲ್ಲಿ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬ ಇಬ್ಬರು ಅಧಿಕಾರಿಗಳು ಕಿತ್ತೂರಿಗೆ ಸೆರೆಸಿಕ್ಕಿದರು. ಅವರನ್ನು ಜೀವಸಹಿತ ಕಾಪಾಡಿ ಡಿಸೆಂಬರದ ಆರಂಭದಲ್ಲಿ ಬಿಟ್ಟುಕೊಡಲಾಯಿತು. ಆ ಎಲಿಯಟನೇ ಮುಂದೆ ನಮ್ಮ ನಾಡಿನ ನೂರಾರು ಶಿಲಾಶಾಸನಗಳ ಪ್ರತಿ ಮಾಡಿಸಿ ಕರ್ನಾಟಕದ ಇತಿಹಾಸಕ್ಕೆ ಉಪಕಾರ ಮಾಡಿದನು. ಶತ್ರುವಿನ ಪ್ರಾಣವನ್ನು ಉಳಿಸಿದ ಕಿತ್ತೂರಿನ ನಡತೆಯು ಹೀಗೆ ನಾಡಿಗೇ ಫಲ ಕೊಟ್ಟಿತು. ಸೆರೆಯಾಳುಗಳನ್ನು ಬಿಟ್ಟ ಮೇಲೂ ಕುಂಪಣಿಯ ಮಹಾಸೈನ್ಯವು ಹಿಂದೆಗೆಯಲಿಲ್ಲ. ಡಿಸೆಂಬರದ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ರಾಣಿಯವರು ಬೈಲಹೊಂಗಲದ ಸೆರೆಯಲ್ಲಿ ನಾಲ್ಕು ವರ್ಷಗಳಿಗೂ ಮಿಕ್ಕಿ ಕಳೆದು 1829ರ ಫೆಬ್ರವರಿಯಲ್ಲಿ ಲಿಂಗೈಕ್ಯರಾದರು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಚಿತ್ರಪಟವನ್ನು ಹಳಿಯುವುದು ನಮ್ಮ ಅಭಿಪ್ರಾಯವಲ್ಲ. ಅಕ್ಷರ ಬಾರದ ತಾಯಂದಿರಿಗೂ ರಾಣಿಯವರ ಹೆಸರನ್ನು ಮುಟ್ಟಿಸಿದ ಪುಣ್ಯವು ಅದರದು. ದೂರದರ್ಶನ ಬಂದ ಮೇಲೆ ಅದು ಮನೆಯೊಳಗೇ ಬಂದಿತು. ಆದರೆ ದೀಪವನ್ನು ತೋರಿದವರು ದಾರಿಯನ್ನೆಲ್ಲ ನಡೆದು ಕೊಡಲಾರರು. ಆದುದರಿಂದ ಶ್ರೀಮಠದ ಸದ್ಭಕ್ತರು ತಮ್ಮ ಮಕ್ಕಳು ಆ ಭಾಷಣವನ್ನು ಒಪ್ಪಿಸುವಾಗ ಸಂತೋಷಪಟ್ಟು, ಅನಂತರ ಅವರನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು ದತ್ತಕದ ಕಥೆಯನ್ನೂ, ಮನವಿಗಳ ಕಥೆಯನ್ನೂ, ಸೆರೆಯಾಳುಗಳ ಕಥೆಯನ್ನೂ ಹೇಳತಕ್ಕದ್ದು. ಕಿತ್ತೂರಿನ ಹಾಳುಬಿದ್ದ ಕೋಟೆಯನ್ನೂ ಬೈಲಹೊಂಗಲದ ಸಮಾಧಿಯನ್ನೂ ಅವರಿಗೆ ತೋರಿಸತಕ್ಕದ್ದು. ಗರ್ಜನೆಯ ಹಿಂದಿದ್ದ ನ್ಯಾಯನಿಷ್ಠೆಯು ಎಳೆಯರ ಹೃದಯದಲ್ಲಿ ನೆಲೆಗೊಂಡರೆ ಆ ಮಹಾತಾಯಿಯ ಋಣವು ಅಷ್ಟರಮಟ್ಟಿಗೆ ತೀರುವುದು. ಸರ್ವರಿಗೂ ಶುಭವಾಗಲಿ.