ಮಾರ್ಲೋದ ಬೂಷ್ಟು

ನಮ್ಮೂರಲ್ಲಿ ಗುಡುಗು ಬಡಿದ ಮಾರನೇ ದಿನ ಹುತ್ತದ ಹತ್ತಿರ ಅಣಬೆ ಹುಡುಕೋಕೆ ಹೋಗ್ತಿದ್ವಿ. ಸಿಕ್ಕಿದ್ದು ರಾತ್ರಿ ಸಾರಾಗ್ತಿತ್ತು. ಅದೇ ರೊಟ್ಟಿಗೆ ಬೂಷ್ಟು ಹಿಡಿದರೆ ಅಜ್ಜಿ ಸೀದಾ ತಿಪ್ಪೆಗೆ ಎಸೀತಿದ್ದಳು. ಎರಡೂ ಶಿಲೀಂಧ್ರದ ಕುಲದವೇ ಅಂತ ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ.

ಬೂಷ್ಟನ್ನೇ ಊಟ ಮಾಡಿದ ಕಥೆ ಬ್ರಿಟನ್ನಿನದು. 1960ರ ದಶಕದಲ್ಲಿ, ಜನಸಂಖ್ಯೆ ಹೀಗೇ ಬೆಳೆದರೆ ಜಗತ್ತಿಗೆ ಪ್ರೋಟೀನ್ ಸಾಲಲ್ಲ ಅನ್ನೋ ಭಯವಿತ್ತು. ರ‍್ಯಾಂಕ್ ಹೋವಿಸ್ ಮೆಕ್‌ಡೂಗಲ್ ಅನ್ನೋ ಹಿಟ್ಟು-ಬ್ರೆಡ್ಡಿನ ಕಂಪನಿ ಹತ್ತಿರ ಗೋಧಿಯ ಪಿಷ್ಟ ಬೇಕಾದಷ್ಟಿತ್ತು. ಅದನ್ನು ತಿಂದು ಪ್ರೋಟೀನ್ ಮಾಡಿಕೊಡೋ ಜೀವಿ ಬೇಕಿತ್ತು. ದೇಶದೇಶಗಳ ಮೂರು ಸಾವಿರಕ್ಕೂ ಹೆಚ್ಚು ಮಣ್ಣಿನ ಮಾದರಿ ಜಾಲಾಡಿದರು. ಕೊನೆಗೆ ಸಿಕ್ಕಿದ್ದು ಮನೆ ಪಕ್ಕದಲ್ಲೇ, ಬಕಿಂಗ್‌ಹ್ಯಾಮ್‌ಶೈರಿನ ಮಾರ್ಲೋ ಊರಿನ ಮಣ್ಣಲ್ಲಿ! ಅದಕ್ಕೆ ಈಗಿರೋ ಹೆಸರು ಫ್ಯುಸೇರಿಯಂ ವೆನೆನೇಟಮ್. ವೆನೆನೇಟಮ್ ಅಂದರೆ ಲ್ಯಾಟಿನ್ನಿನಲ್ಲಿ ವಿಷದ್ದು ಅಂತ. ಮಾರ್ಕೆಟಿಂಗ್‌ನವರ ಕಷ್ಟ ಊಹಿಸಿಕೊಳ್ಳಿ.

ವರ್ಷಗಟ್ಟಲೆ ಪರೀಕ್ಷೆಯಾಗಿ, 1985ರಲ್ಲಿ ಕ್ವಾರ್ನ್ ಹೆಸರಲ್ಲಿ ಅಂಗಡಿಗೆ ಬಂತು. ಬೇಗ ಬೆಳೆಯೋ ಜೀವಕೋಶದಲ್ಲಿ ಆರ್‌ಎನ್‌ಎ ಜಾಸ್ತಿ; ಅದು ನಮ್ಮ ಮೈಯಲ್ಲಿ ಯೂರಿಕ್ ಆಸಿಡ್ ಆಗತ್ತೆ, ಗೌಟ್ ತರಬಹುದು. ಹಾಗಾಗಿ ಬೆಳೆ ತೆಗೆದ ಮೇಲೆ ಸುಮಾರು 65 ಡಿಗ್ರಿಗೆ ಕಾಯಿಸಿ ಆರ್‌ಎನ್‌ಎ ಇಳಿಸ್ತಾರೆ.

ನನ್ನಂಥವನಿಗೆ ಮಜಾ ಅನ್ನಿಸೋದು ಇನ್ನೊಂದು ತೊಂದರೆ. ಟ್ಯಾಂಕಿನಲ್ಲಿ ವಾರಗಟ್ಟಲೆ ನಿಲ್ಲದೆ ಬೆಳೆಸ್ತಾ ಹೋದರೆ ಶಿಲೀಂಧ್ರ ತಾನಾಗೇ ರೂಪಾಂತರ ಆಗತ್ತೆ. ಉದ್ದ ಎಳೆ ಹೋಗಿ, ಮೋಟುಮೋಟಾಗಿ ಕವಲೊಡೆಯೋ ಸಂತತಿ ಟ್ಯಾಂಕನ್ನೇ ಆಕ್ರಮಿಸತ್ತೆ. ಮಾಂಸದಂಥ ನಾರು ಬರೋದೇ ಆ ಉದ್ದ ಎಳೆಯಿಂದ. ಪರಿಹಾರ? ಎಲ್ಲ ನಿಲ್ಲಿಸಿ, ತೊಳೆದು, ಮೂಲ ತಳಿಯಿಂದ ಮತ್ತೆ ಶುರು. ನಮ್ಮ ರೀಸ್ಟಾರ್ಟೇ!

ಅಂದರೆ ಇಷ್ಟು ದಶಕ ಎಲ್ಲರೂ ಒದ್ದಾಡಿದ್ದು ಜೀನ್ ಬದಲಾಗದ ಹಾಗೆ ನೋಡಿಕೊಳ್ಳೋಕೆ. 2025ರಲ್ಲಿ ಚೀನಾದ ಜಿಯಾಂಗ್‌ನಾನ್ ವಿಶ್ವವಿದ್ಯಾಲಯದವರು ಬೇಕೂಂತಲೇ ಬದಲಿಸಿದರು. ಕ್ರಿಸ್ಪರ್ ಬಳಸಿ ಎರಡು ಜೀನ್ ತೆಗೆದರು, ಹೊರಗಿನ ಡಿಎನ್‌ಎ ಏನೂ ಸೇರಿಸಲಿಲ್ಲ. ಒಂದನ್ನು ತೆಗೆದಿದ್ದಕ್ಕೆ ಕೋಶದ ಗೋಡೆ ತೆಳುವಾಯ್ತು, ಜೀರ್ಣಕ್ಕೆ ಸುಲಭ. ಇನ್ನೊಂದರಿಂದ ಸಕ್ಕರೆ ಪೋಲಾಗೋದು ತಪ್ಪಿತು: ಅಷ್ಟೇ ಪ್ರೋಟೀನಿಗೆ 44% ಕಡಿಮೆ ಸಕ್ಕರೆ ಸಾಕಂತೆ.

ನನಗಿದರಲ್ಲಿ ಭಯ ಇಲ್ಲ, ಒಂದು ಅನುಮಾನ ಇದೆ. ಹಸಿದವರಿಗಂತ ಹುಡುಕಿದ ಬೂಷ್ಟು ಕೊನೆಗೆ ಸೇರಿದ್ದು ಶ್ರೀಮಂತ ದೇಶಗಳ ಸೂಪರ್‌ಮಾರ್ಕೆಟ್ಟಿನ ಫ್ರೀಜರ್‌ಗೆ. ಸಕ್ಕರೆ ಉಳಿದರೆ ಬೆಲೆ ಇಳಿಯಬಹುದು. ಯಾರ ತಟ್ಟೆಗೆ ಬರತ್ತೆ ಅನ್ನೋದನ್ನ ಕ್ರಿಸ್ಪರ್ ತೀರ್ಮಾನ ಮಾಡಲ್ಲವಲ್ಲ.